ಬೊಳ್ಳುವಿನ ಉಸಿರು ಎಣಿಸಿದ ಆಟಿ

ನಮ್ಮ ಕಡೆ ಬೊಳ್ಳು ಅಂದರೆ ನಾಯಿ. ಬಿಳಿ ನಾಯಿ ಇರುವ ಮನೆಯಲ್ಲಿ ಹೋಗಿ "ಬೊಳ್ಳೂ" ಎಂದು ಕರೆದರೆ ಹೆಚ್ಚಾಗಿ ಬಾಲ ಅಲ್ಲಾಡಿಸಿಕೊಂಡು ಬರುತ್ತದೆ. ನನ್ನ ಮಗಳು ಆ ಹೆಸರನ್ನು ತೆಗೆದುಕೊಂಡು ಹೋಗಿ ಮೊಲಕ್ಕೆ ಇಟ್ಟಳು. "ನಾಯಿಯ ಹೆಸರು ಇಟ್ಟರೆ ಅದು ಬೊಗಳಲಿಕ್ಕುಂಟಾ?" ಎಂದು ಅತ್ತೆ ನಗಾಡಿದರು. ಬೊಗಳಿದ್ದರೆ ಒಳ್ಳೆಯದಿತ್ತು ಎಂದು ಆಮೇಲೆ ನನಗೆ ಎಷ್ಟೋ ಸಲ ಅನಿಸಿದೆ. ನಾಯಿಗೆ ಹುಷಾರಿಲ್ಲದಿದ್ದರೆ ಊರಿಗೆಲ್ಲ ಗೊತ್ತಾಗುತ್ತದೆ. ಮೊಲ ಸುಮ್ನೆ ಕೂತಿರುತ್ತದೆ.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮಧ್ಯದ ಮನೆ. ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಮೊಲ ಬಂದದ್ದು ಮಾಂಸಕ್ಕಾಗಿ ಮೊಲ ಸಾಕುವ ಒಬ್ಬರ ಶೆಡ್ಡಿನಿಂದ. ನಮ್ಮ ಜಿಲ್ಲೆಯಲ್ಲಿ ಹಾಗೆ ಸಾಕುವವರು ಇದ್ದಾರೆ. ನ್ಯೂಜಿಲ್ಯಾಂಡ್ ವೈಟ್ ತಳಿ, ಹತ್ತಿಯ ಉಂಡೆಯ ಹಾಗೆ ಬಿಳಿ, ಕೆಂಪು ಕಣ್ಣು. ಕೊಟ್ಟದ್ದು 350 ರೂಪಾಯಿ. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಅತ್ತೆ ಇದನ್ನು ಎತ್ತುತ್ತಾರೆ.

ಬೇಸಿಗೆಯಲ್ಲಿ ಬೊಳ್ಳುವಿನ ಗೂಡು ಅಂಗಳದ ಬದಿಯಲ್ಲಿ, ಹಲಸಿನ ಮರದ ಕೆಳಗಿತ್ತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅಲ್ಲಿ ಇಡುವ ಹಾಗಿಲ್ಲ. ಎಲ್ಲಿ ಬೆಚ್ಚಗಿದೆ ಎಂದು ನೋಡಿ, ಬಚ್ಚಲಿನ ಪಕ್ಕ ಕಟ್ಟಿಗೆ ರಾಶಿ ಹಾಕುವ ಮೂಲೆಯಲ್ಲಿ ಇಟ್ಟೆ. ಬಚ್ಚಲ ಒಲೆಯ ಬಿಸಿ ಅಲ್ಲಿಗೆ ಬರುತ್ತದೆ. ಚಳಿ ಆಗುವುದು ಬೇಡ ಪಾಪ ಎಂದು. ಕೆಳಗೆ ಹಾಸಲು ಮರದ ಮಿಲ್ಲಿನಿಂದ ಒಂದು ಗೋಣಿ ಮರದ ಹುಡಿ ತಂದೆ. ಮೂತ್ರ ಹೀರಿಕೊಳ್ಳುತ್ತದೆ ಎಂದು ಯಾರೋ ಹೇಳಿದ್ದರು. ಹೀರಿಕೊಳ್ಳುತ್ತದೆ, ಸರಿ. ಹೀರಿಕೊಂಡದ್ದು ಅಲ್ಲೇ ಇರುತ್ತದೆ ಎಂದು ನಾನು ಯೋಚಿಸಲಿಲ್ಲ.

"ಆ ಹೊಗೆಯಲ್ಲಿ ನಮಗೇ ಕಣ್ಣುರಿ, ಅದನ್ನು ಯಾಕೆ ಅಲ್ಲಿಟ್ಟೆ?" ಎಂದು ಅತ್ತೆ ಮೊದಲ ವಾರವೇ ಕೇಳಿದ್ದರು. ಮಳೆಗಾಲದಲ್ಲಿ ನಮ್ಮ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ, ತೆಂಗಿನ ಮಡಲು. ಎರಡೂ ಅರ್ಧ ಚಂಡಿ. ಉರಿಗಿಂತ ಹೊಗೆ ಜಾಸ್ತಿ. ನಾನು ಹೂಂ ಅಂದೆ. ಜಾಗ ಬದಲಾಯಿಸಲಿಲ್ಲ.

ಮೊದಲು ಬಂದದ್ದು ಸೀನು. ಮೊಲ ಸೀನುತ್ತದೆ ಅಂತಲೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸಣ್ಣದಾಗಿ "ಚ್ಚಿಕ್" ಎಂದು, ತಲೆ ಒಮ್ಮೆ ಕೊಡವಿ. ಮಗಳಿಗೆ ಖುಷಿಯೋ ಖುಷಿ. ಮರದ ಹುಡಿ ಮೂಗಿಗೆ ಹೋಗಿರಬೇಕು ಎಂದು ನಾನು ಅಂದುಕೊಂಡೆ. ಅದು ಅರ್ಧ ನಿಜವೂ ಆಗಿತ್ತು. ಅದೇ ಕಷ್ಟ. ಪೂರ್ತಿ ಸುಳ್ಳಾಗಿದ್ದರೆ ಬೇಗ ಗೊತ್ತಾಗುತ್ತಿತ್ತು.

ನಾಲ್ಕೈದು ದಿನದಲ್ಲಿ ಮುಂಗಾಲುಗಳ ಒಳಬದಿ ಕೊಳೆಯಾಗಿ ಕಂಡಿತು. ಬಿಳಿ ರೋಮ ಅಂಟಂಟಾಗಿ, ಒಣಗಿ ಗಟ್ಟಿಯಾಗಿ, ನಮ್ಮ ಶಾಲೆಯ ಒಂದನೇ ಕ್ಲಾಸಿನ ಮಕ್ಕಳ ಅಂಗಿಯ ತೋಳಿನ ಹಾಗೆ. ಹಾಗೆ ಕಂಡಾಗಲಾದರೂ ಹೊಳೆಯಬೇಕಿತ್ತು, ಅಲ್ವಾ? ಇಪ್ಪತ್ತು ವರ್ಷ ಮಕ್ಕಳ ಸಿಂಬಳ ಒರೆಸಿದವಳು ನಾನು. ಮೊಲ ಮುಂಗಾಲಿನಿಂದ ಮುಖ ತೊಳೆದುಕೊಳ್ಳುವ ಪ್ರಾಣಿ. ಮೂಗಿನಲ್ಲಿ ನೀರು ಬಂದರೆ ಅದು ಮೂಗಿನಲ್ಲಿ ಉಳಿಯುವುದಿಲ್ಲ, ಕಾಲಿನಲ್ಲಿ ಇರುತ್ತದೆ. ನಾನು ಮೂಗು ನೋಡಿದೆ. ಚೊಕ್ಕ ಇತ್ತು. ನೀರಿನ ಬಟ್ಟಲಿಗೆ ಕಾಲು ಹಾಕಿರಬೇಕು ಎಂದು ಬಟ್ಟಲು ಬದಲಾಯಿಸಿದೆ.

ಆಮೇಲೆ ಬೊಳ್ಳು ಸಾಧುವಾಯಿತು. ಎತ್ತಿಕೊಂಡರೆ ಒದೆಯುತ್ತಿರಲಿಲ್ಲ. ಮಗಳು ಶಾಲೆಯಿಂದ ಬಂದಾಗ ಗೂಡಿನ ಬಾಗಿಲಿಗೆ ಓಡಿ ಬರುತ್ತಿದ್ದದ್ದು ನಿಂತಿತು. "ಈಗ ಅಭ್ಯಾಸ ಆಯಿತು, ದೊಡ್ಡದಾಯಿತಲ್ವಾ" ಎಂದು ನಾನು ಹೇಳಿದ್ದು ಮಗಳಿಗೆ ಇನ್ನೂ ನೆನಪಿದೆ.

ಹೀಗೆ ಎಲ್ಲವೂ ಕಣ್ಣಿಗೆ ಬಿದ್ದಿತ್ತು. ಒಂದಕ್ಕೂ ಅದರ ಹೆಸರಿಟ್ಟು ನಾನು ಕರೆಯಲಿಲ್ಲ. ಸೀನಿಗೆ ಹುಡಿ ಎಂದೆ, ಚಂಡಿ ಕಾಲಿಗೆ ಬಟ್ಟಲು ಎಂದೆ, ಸುಸ್ತಿಗೆ ಬುದ್ಧಿ ಬಂದಿದೆ ಎಂದೆ. ಬೇಟೆಯಾಗುವ ಪ್ರಾಣಿ ತನ್ನ ನೋವನ್ನು ತೋರಿಸುವುದಿಲ್ಲ. ತೋರಿಸಿದ್ದು ಕಾಡಿನಲ್ಲಿ ಉಳಿಯುವುದಿಲ್ಲ. ಇದನ್ನು ನಾನೇ ಪಾಠದಲ್ಲಿ ಹೇಳಿದ್ದೇನೆ, ಜಿಂಕೆಯ ಉದಾಹರಣೆ ಕೊಟ್ಟು.

ಆ ಶುಕ್ರವಾರ ಸಂಜೆ ಬಚ್ಚಲ ಕಡೆ ಹೋದಾಗ ಒಂದು ಸದ್ದು ಕೇಳಿತು. ಒಲೆ ಊದುತ್ತಿದ್ದಾರೋ ಎಂದುಕೊಂಡೆ. ಬೊಳ್ಳುವಿನ ಮೂಗಿನಿಂದ, ನಿದ್ದೆಯಲ್ಲಿ ಗೊರಕೆ ಹೊಡೆದ ಹಾಗೆ, ಒಳಗೆ ನೀರು ಸಿಕ್ಕಿಕೊಂಡ ಹಾಗೆ ಗೊರಗೊರ. ಈಗ ಮಾತ್ರ ನನಗೆ ಶೀತ ಎಂದು ಹೊಳೆಯಿತು.

ಶೀತ ಎಂದು ಹೊಳೆದದ್ದೇ ಇನ್ನೊಂದು ಅಪಾಯಕ್ಕೆ ದಾರಿಯಾಯಿತು. ಫ್ರಿಜ್ಜಿನಲ್ಲಿ ಮಗಳಿಗೆ ಗಂಟಲುನೋವಿಗೆ ತಂದಿದ್ದ ಅಮಾಕ್ಸಿಸಿಲಿನ್ ಸಿರಪ್ ಉಳಿದಿತ್ತು. ಫೋನಿನಲ್ಲಿ ಒಬ್ಬರು ಸಂಬಂಧಿಕರು, ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡಿದವರು, "ಎಂತ ಆಗುವುದಿಲ್ಲ, ಸಣ್ಣ ಮಕ್ಕಳಿಗೆ ಕೊಡುವುದೇ ಅಲ್ವಾ, ಎರಡು ಡ್ರಾಪ್ ಹಾಕು" ಎಂದರು. ನಾನು ಸಿರಿಂಜು ತೊಳೆದಿಟ್ಟೆ. ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲಲ್ಲಿ ಅಳತೆ ತಪ್ಪೀತು, ನಾಳೆ ಕೊಡುವ ಎಂದು ಬಿಟ್ಟೆ. ಮಳೆಗಾಲದಲ್ಲಿ ಕರೆಂಟು ಹೋಗುವುದಕ್ಕೆ ನಾನು ಬೈಯದ ದಿನ ಇಲ್ಲ. ಆ ಒಂದು ದಿನದ್ದು ವಾಪಸು ತೆಗೆದುಕೊಂಡಿದ್ದೇನೆ.

ಯಾಕೆಂದರೆ ಅಮಾಕ್ಸಿಸಿಲಿನ್ ಮತ್ತು ಅದೇ ಪೆನಿಸಿಲಿನ್ ಕುಟುಂಬದ ಔಷಧಗಳನ್ನು ಮೊಲಕ್ಕೆ ಬಾಯಿಯಿಂದ ಕೊಡಬಾರದು. ಹುಲ್ಲು ಜೀರ್ಣವಾಗುವುದು ಮೊಲದ ಹೊಟ್ಟೆಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಂದ. ಈ ಔಷಧ ಅವನ್ನು ಕೊಲ್ಲುತ್ತದೆ. ಖಾಲಿಯಾದ ಜಾಗದಲ್ಲಿ ಕ್ಲಾಸ್ಟ್ರೀಡಿಯಂ ಜಾತಿಯ ಕೆಟ್ಟವು ಬೆಳೆದು ವಿಷ ಬಿಡುತ್ತವೆ. ಭೇದಿ ಹತ್ತಿ, ಮೂಗಿನ ಕಾಯಿಲೆಗಿಂತ ಮೊದಲೇ ಮೊಲ ಹೊಟ್ಟೆಯಿಂದ ಸಾಯುತ್ತದೆ. ಕ್ಲಿಂಡಾಮೈಸಿನ್, ಲಿಂಕೋಮೈಸಿನ್ ಕೂಡ ಹಾಗೆಯೇ. ಇದೆಲ್ಲ ನನಗೆ ತಿಳಿದದ್ದು ಎರಡು ದಿನ ಕಳೆದ ಮೇಲೆ.

ಶನಿವಾರ ಬೊಳ್ಳು ಹಲಸಿನ ಎಲೆ ಮೂಸಿ ಬಿಟ್ಟಿತು. ಗೂಡಿನಲ್ಲಿ ಹಿಕ್ಕೆ ಕಮ್ಮಿ. ಇದ್ದದ್ದೂ ಸಣ್ಣ, ಒಳ್ಳೆಮೆಣಸಿನ ಗಾತ್ರ.

ಭಾನುವಾರ ಬೆಳಿಗ್ಗೆ ನೋಡಿದ ನೋಟ ಮರೆಯುವಂಥದ್ದಲ್ಲ. ಬೊಳ್ಳು ಮಲಗಿರಲಿಲ್ಲ. ಮುಂಗಾಲಿನ ಮೊಣಕೈಗಳನ್ನು ಅಗಲ ಮಾಡಿ, ಕುತ್ತಿಗೆ ಮುಂದಕ್ಕೆ ಚಾಚಿ, ಮೂಗು ಮೇಲಕ್ಕೆ ಎತ್ತಿ ಕೂತಿತ್ತು. ಮಾಡಿನ ಹಂಚು ನೋಡುತ್ತಿದೆಯೋ ಎಂಬ ಹಾಗೆ. ಮೂಗಿನ ಹೊಳ್ಳೆಗಳು ಪ್ರತಿ ಉಸಿರಿಗೂ ಅರಳುತ್ತಿದ್ದವು. ಹೊಟ್ಟೆ ತಿದಿಯ ಹಾಗೆ ಒಳಗೆ ಹೊರಗೆ. ಇಡೀ ಮೈ ಉಸಿರಾಡುತ್ತಿತ್ತು, ಬೇರೆ ಯಾವ ಕೆಲಸಕ್ಕೂ ಅದರಲ್ಲಿ ಶಕ್ತಿ ಉಳಿದಿರಲಿಲ್ಲ.

ಆಟಿ, ಅಂದರೆ ಜುಲೈ-ಆಗಸ್ಟಿನ ಮಳೆಯ ತಿಂಗಳು. ಅದರ ಒಂದು ಭಾನುವಾರ. ಹೊರಗೆ ಮಳೆ ಸುರಿಯುತ್ತಿದೆ. ಗಂಡ ಕೆಲಸದ ಮೇಲೆ ಎರ್ನಾಕುಳಂನಲ್ಲಿ. ನಾನು ಪಂಚಾಯತಿನ ಮೃಗಾಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದೆ. ನಮ್ಮ ದನ ಕರು ಹಾಕಲು ಕಷ್ಟಪಟ್ಟ ರಾತ್ರಿಯಿಂದ ಅವರ ನಂಬರು ನನ್ನಲ್ಲಿತ್ತು. ಅವರು ಕಣ್ಣೂರಿನ ಕಡೆಯವರು, ಮಲಯಾಳಿ. ನನ್ನ ಮಲಯಾಳ ಕೇಳಿ ಅವರು ಕನ್ನಡಕ್ಕೆ ಬರುತ್ತಾರೆ, ಅವರ ಕನ್ನಡ ಕೇಳಿ ನಾನು ಮಲಯಾಳಕ್ಕೆ ಹೋಗುತ್ತೇನೆ. "ಮುಯಲಾಣೋ?" ಎಂದು ಕೇಳಿದರು. ಮೊಲವೇ ಎಂದೆ. ಬೈಯುತ್ತಾರೇನೋ ಎಂದುಕೊಂಡಿದ್ದೆ. ಅವರು ಮೂರೇ ಪ್ರಶ್ನೆ ಕೇಳಿದರು.

ಬಾಯಿ ತೆರೆದು ಉಸಿರಾಡುತ್ತಿದೆಯಾ? ಇಲ್ಲ.

ತುಟಿಯ ಬಣ್ಣ ಹೇಗಿದೆ, ಕೆಂಪಾ, ನೀಲಿಯಾ? ಟಾರ್ಚು ಹಾಕಿ ನೋಡಿದೆ. ಪೇಲವವಾಗಿತ್ತು, ನೀಲಿ ಇರಲಿಲ್ಲ.

ಕೊನೆಯದಾಗಿ ತಿಂದದ್ದು ಯಾವಾಗ? ನಿನ್ನೆ ಬೆಳಿಗ್ಗೆ ಎಂದಾಗ ಅವರು ಒಂದು ಕ್ಷಣ ಮಾತಾಡಲಿಲ್ಲ.

"ಮೊಲಕ್ಕೆ ಬಾಯಿಂದ ಉಸಿರಾಡಲಿಕ್ಕೆ ಬರುವುದಿಲ್ಲ ಟೀಚರ್, ಮೂಗೇ ದಾರಿ. ಅದು ಬಾಯಿ ತೆರೆದರೆ ಕೊನೆಯ ಹಂತ. ಈಗ ನಿಮಗೆ ಸಮಯ ಉಂಟು, ಆದರೆ ಸ್ವಲ್ಪವೇ" ಎಂದರು. ತನ್ನ ಹತ್ತಿರ ಆಕ್ಸಿಜನ್ ಇಲ್ಲ, ಎಕ್ಸ್‌ರೇ ಇಲ್ಲ, ಮಂಗಳೂರಿಗೆ ಹೋಗಿ ಎಂದು ನೇರವಾಗಿ ಹೇಳಿದರು. ನಾನು ಸಿರಪ್ಪಿನ ವಿಷಯ ಕೇಳಿದ್ದು ಆಗ. "ಅಯ್ಯೋ, ಕೊಟ್ಟಿರಾ?" ಎಂದ ಅವರ ಧ್ವನಿ ಕೇಳಿಯೇ ನನ್ನ ಕೈ ತಣ್ಣಗಾಯಿತು.

ಫೋನ್ ಇಡುವ ಮೊದಲು ಅವರು ಹೇಳಿದ ಮಾತು ಆ ದಿನದ ಅತಿ ದೊಡ್ಡ ಉಪಕಾರ. "ಎತ್ತುವ ಮೊದಲು, ಅದು ಈಗ ಕೂತ ಹಾಗೆಯೇ ಒಂದು ನಿಮಿಷ ವಿಡಿಯೋ ಮಾಡಿ. ಪಕ್ಕದಿಂದ, ಹೊಟ್ಟೆ ಕಾಣುವ ಹಾಗೆ. ಆಸ್ಪತ್ರೆಯಲ್ಲಿ ಹೆದರಿಕೆಗೆ ಎಲ್ಲ ಮೊಲವೂ ಜೋರಾಗಿ ಉಸಿರಾಡುತ್ತದೆ. ಅಲ್ಲಿ ನೋಡಿದರೆ ಯಾವುದು ಕಾಯಿಲೆ, ಯಾವುದು ಹೆದರಿಕೆ ಎಂದು ಗೊತ್ತಾಗುವುದಿಲ್ಲ."

ಎಣಿಸಲಿಕ್ಕೂ ಹೇಳಿದರು. ನಾನು ಮೂಗಿನ ಅಲುಗಾಟ ಎಣಿಸಲು ಹೊರಟೆ. ಅದು ತಪ್ಪು. ಮೊಲದ ಮೂಗು ಅಲುಗುವುದಕ್ಕೂ ಉಸಿರಿಗೂ ಲೆಕ್ಕ ತಾಳೆ ಆಗುವುದಿಲ್ಲ. ಕುತೂಹಲ ಬಂದರೆ ಮೂಗು ನಿಮಿಷಕ್ಕೆ ನೂರು ಸಲವೂ ಕುಣಿಯುತ್ತದೆ, ನಿದ್ದೆ ಬಂದರೆ ನಿಂತೇ ಹೋಗುತ್ತದೆ. ನೋಡಬೇಕಾದ್ದು ಪಕ್ಕೆ. ಪಕ್ಕೆಲುಬು ಮುಗಿದು ಹೊಟ್ಟೆ ಸುರುವಾಗುವ ಜಾಗ. ಅದು ಒಮ್ಮೆ ಉಬ್ಬಿ ಇಳಿದರೆ ಒಂದು. ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಬೇಕು. ದೊಡ್ಡ ಮೊಲ ಸುಮ್ನೆ ಕೂತಾಗ ನಿಮಿಷಕ್ಕೆ 30ರಿಂದ 60 ಇದ್ದರೆ ಸರಿ. ಮಗಳು ಗಡಿಯಾರ ಹಿಡಿದಳು, ನಾನು ಎಣಿಸಿದೆ. ನಲವತ್ತೆಂಟು. ಎರಡರಿಂದ ಗುಣಿಸಿದರೆ 96.

ಪಕ್ಕದ ಮನೆಯ ಇಚ್ಚ ಕಾರು ತಂದರು. ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆ, ಅದಕ್ಕೆ ಮೊದಲೇ ತೂತು ಇರುತ್ತದೆ. ಕೆಳಗೆ ಹಳೆಯ ಬೈರಾಸು. ಮಗಳು ತೊಡೆಯ ಮೇಲೆ ಎತ್ತಿಕೊಳ್ಳುತ್ತೇನೆ ಎಂದಳು, ಬೇಡ ಎಂದೆ. ಎದೆ ಅಮುಕಿದರೆ ಇದ್ದ ಉಸಿರೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ನೀರು ಬಾಯಿಗೆ ಹೊಯ್ಯಬೇಡಿ ಎಂದೂ ಹೇಳಿದ್ದರು. ಅತ್ತೆ ಜಗಲಿಯಲ್ಲಿ ನಿಂತು, "ಮುನ್ನೂರೈವತ್ತರ ಮೊಲಕ್ಕೆ ಮಂಗಳೂರಾ?" ಎಂದರು. ಹೇಳಿದ್ದು ಹಾಗೆ. ಕೈಯಲ್ಲಿ ಮಾತ್ರ ಪೆಟ್ಟಿಗೆಯ ಮೇಲೆ ಹಿಡಿಯಲು ಕೊಡೆ ಇತ್ತು.

ಕುಂಬಳೆಗೆ ಇಳಿದು ಹೈವೇ ಹಿಡಿದೆವು. ಉಪ್ಪಳ, ಮಂಜೇಶ್ವರ, ತಲಪಾಡಿ. ಎಲ್ಲ ಸೇರಿ ಐವತ್ತು ಕಿಲೋಮೀಟರಿನ ಆಸುಪಾಸು. ಈ ದಾರಿ ನಮಗೆ ಹೊಸದಲ್ಲ. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು, ಹುಷಾರು ತಪ್ಪಿದರೆ ಮಾತ್ರ ಇಂದಿಗೂ ಮಂಗಳೂರೇ. 2020ರ ಮಾರ್ಚಿನಲ್ಲಿ ಕೊರೊನಾ ಎಂದು ತಲಪಾಡಿ ಗಡಿಯಲ್ಲಿ ರಸ್ತೆ ಮುಚ್ಚಿದಾಗ ಆಂಬುಲೆನ್ಸಿನಲ್ಲಿದ್ದವರೂ ಈಚೆಗೇ ಉಳಿದಿದ್ದರು. ಅದನ್ನು ಕಂಡವರಿಗೆ ಆ ಗಡಿಯ ಹತ್ತಿರ ಬಂದಾಗ ಇಂದಿಗೂ ಎದೆ ಒಮ್ಮೆ ಹಾರುತ್ತದೆ. ನಾನು ಪೆಟ್ಟಿಗೆಯ ತೂತಿನಿಂದ ನೋಡುತ್ತಾ ಎಣಿಸುತ್ತಾ ಹೋದೆ. ಎಣಿಸಿ ಏನೂ ಪ್ರಯೋಜನ ಇರಲಿಲ್ಲ. ಎಣಿಸದೆ ಇರಲು ಆಗಲಿಲ್ಲ ಅಷ್ಟೆ.

ಮಂಗಳೂರಿನ ಆ ಸಣ್ಣ ಪ್ರಾಣಿಗಳ ಆಸ್ಪತ್ರೆಯ ಡಾಕ್ಟರು ಸಣ್ಣ ಪ್ರಾಯದ ಹುಡುಗಿ. ಪೆಟ್ಟಿಗೆ ತೆರೆದರು, ಬೊಳ್ಳುವನ್ನು ಮುಟ್ಟಲೇ ಇಲ್ಲ. ಕೈ ಕಟ್ಟಿ ನಿಂತು ನೋಡಿದರು. ನನಗೆ ಕೋಪ ಬಂತು. ಇಷ್ಟು ದೂರದಿಂದ ಬಂದದ್ದು ನೋಡುವುದಕ್ಕಾ? ಆಮೇಲೆ ಪೆಟ್ಟಿಗೆಯನ್ನೇ ಎತ್ತಿ ಒಂದು ಗಾಜಿನ ಡಬ್ಬದ ಪಕ್ಕ ಇಟ್ಟು, ಬೊಳ್ಳುವನ್ನು ಮೆಲ್ಲ ಅದರೊಳಗೆ ಜಾರಿಸಿ, ಆಕ್ಸಿಜನ್ ಬಿಟ್ಟರು. "ಹದಿನೈದು ನಿಮಿಷ ಹೀಗೇ ಇರಲಿ ಮೇಡಂ. ಇದನ್ನು ಈಗ ಹಿಡಿದು ಪರೀಕ್ಷೆ ಮಾಡಿದರೆ ನನ್ನ ಕೈಯಲ್ಲೇ ಹೋಗಬಹುದು" ಎಂದರು. ಅಷ್ಟು ಹೊತ್ತು ನನ್ನ ಫೋನಿನ ವಿಡಿಯೋ ಮೂರು ಸಲ ನೋಡಿದರು.

ಅವರು ಕೇಳಿದ ಪ್ರಶ್ನೆಗಳಲ್ಲಿ ಅರ್ಧ ಮೊಲದ ಬಗ್ಗೆ, ಇನ್ನರ್ಧ ನಮ್ಮ ಮನೆಯ ಬಗ್ಗೆ. ಗೂಡು ಎಲ್ಲಿದೆ? ಕೆಳಗೆ ಏನು ಹಾಸಿದ್ದೀರಿ? ಎಷ್ಟು ದಿನಕ್ಕೊಮ್ಮೆ ಬದಲಾಯಿಸುತ್ತೀರಿ? ಅಡುಗೆಗೆ ಸೌದೆಯಾ, ಗ್ಯಾಸಾ? ತೋಟಕ್ಕೆ ಇತ್ತೀಚೆಗೆ ಮದ್ದು ಬಿಟ್ಟಿದ್ದೀರಾ? ಕೊಳೆರೋಗಕ್ಕೆ ಮೈಲುತುತ್ತು ಸುಣ್ಣ ಬಿಟ್ಟು ತಿಂಗಳಾಗಿತ್ತು, ಅದಕ್ಕೂ ಇದಕ್ಕೂ ಸಂಬಂಧ ಇರಲಿಲ್ಲ. ಬಚ್ಚಲ ಒಲೆಯ ವಿಷಯ ಹೇಳುವಾಗ ನನ್ನ ಸ್ವರ ಸಣ್ಣದಾಯಿತು.

"ಮನೆಗೆ ಹೋಗಿ ಒಂದು ಕೆಲಸ ಮಾಡಿ" ಎಂದರು. "ನೆಲದಲ್ಲಿ ಕೂತು ನಿಮ್ಮ ಮೂಗನ್ನು ಗೂಡಿನ ಮಟ್ಟಕ್ಕೆ ತನ್ನಿ. ಐದು ನಿಮಿಷ ಅಲ್ಲೇ ಉಸಿರಾಡಿ." ಮೂತ್ರ ಕೂತಲ್ಲಿ ಅಮೋನಿಯಾ ಏಳುತ್ತದೆ. ನಾವು ನಿಂತು ನೋಡುವಾಗ ಅಷ್ಟು ವಾಸನೆ ಬರುವುದಿಲ್ಲ. ಮೊಲದ ಮೂಗು ಇಡೀ ದಿನ ನೆಲದಿಂದ ಮೂರು ಇಂಚು ಎತ್ತರದಲ್ಲಿರುತ್ತದೆ. ಆ ಗಾಳಿ, ಹೊಗೆ, ಮರದ ಹುಡಿ ಸೇರಿ ಮೂಗಿನ ಒಳಪದರವನ್ನು ಹುಣ್ಣು ಮಾಡುತ್ತವೆ. ಆಮೇಲೆ ರೋಗಾಣುವಿಗೆ ಬಾಗಿಲು ತೆರೆದಿಟ್ಟ ಹಾಗೆ.

ಉಸಿರು ಸ್ವಲ್ಪ ಇಳಿದ ಮೇಲೆ ಪರೀಕ್ಷೆ ನಡೆಯಿತು. ಬೊಳ್ಳುವನ್ನು ನಾಲ್ಕು ಕಾಲಿನ ಮೇಲೆ ಕೂರಿಸಿಯೇ ಎಲ್ಲ ನೋಡಿದರು. ಮಗಳು ನಡುವೆ ಬಾಯಿ ಹಾಕಿ, "ಅಂಗಾತ ಮಲಗಿಸಿ ಹೊಟ್ಟೆ ಉಜ್ಜಿದರೆ ನಿದ್ದೆ ಮಾಡುತ್ತದೆ, ಅಲುಗುವುದೇ ಇಲ್ಲ" ಎಂದಳು. ನಮ್ಮ ಮನೆಗೆ ಬಂದ ಮಕ್ಕಳಿಗೆಲ್ಲ ಅವಳು ತೋರಿಸುತ್ತಿದ್ದ ಆಟ ಅದು. ಡಾಕ್ಟರು ಅವಳ ಮಟ್ಟಕ್ಕೆ ಬಗ್ಗಿ ಹೇಳಿದರು: "ಅದು ನಿದ್ದೆ ಅಲ್ಲ ಪುಟ್ಟಿ. ಹುಲಿ ಹಿಡಿದರೆ ಸತ್ತ ಹಾಗೆ ಮಾಡುತ್ತದಲ್ವಾ, ಅದು." ಉಸಿರಾಟ ಕಷ್ಟ ಇರುವ ಮೊಲವನ್ನು ಹಾಗೆ ಮಲಗಿಸಿದರೆ ಹೊಟ್ಟೆಯ ಭಾರವೆಲ್ಲ ಎದೆಯ ಮೇಲೆ ಬೀಳುತ್ತದೆ. ಮೊಲದ ಎದೆಗೂಡು ಮೊದಲೇ ಚಿಕ್ಕದು, ಮೈಯೆಲ್ಲ ಹೊಟ್ಟೆಯೇ. ಮಗಳು ಆ ದಿನ ಕಾರಿನಲ್ಲಿ ಅತ್ತದ್ದು ಅದಕ್ಕೆ.

ಬಾಯಿಗೆ ಟಾರ್ಚು ಬಿಟ್ಟು ಹಲ್ಲು ನೋಡಿದರು. ಶೀತಕ್ಕೂ ಹಲ್ಲಿಗೂ ಎಂತ ಎಂದು ಕೇಳಿದೆ. ಮೊಲದ ಹಲ್ಲು ಬದುಕಿರುವವರೆಗೂ ಬೆಳೆಯುತ್ತದೆ. ಮೇಲಿನ ಹಲ್ಲುಗಳ ಬೇರು ಮೂಗು ಮತ್ತು ಕಣ್ಣೀರಿನ ನಾಳದ ಪಕ್ಕದಲ್ಲೇ. ಬೇರು ಕೆಟ್ಟರೆ ಮೂಗಿನಲ್ಲಿ ಕೀವು ಬರುತ್ತದೆ. ಎಷ್ಟು ಔಷಧ ಕೊಟ್ಟರೂ ಗುಣವಾಗದ ಎಷ್ಟೋ ಶೀತಗಳು ನಿಜದಲ್ಲಿ ಹಲ್ಲಿನ ಕಾಯಿಲೆಯಂತೆ. ಬೊಳ್ಳುವಿನ ಹಲ್ಲು ಸರಿಯಿತ್ತು. ಎಕ್ಸ್‌ರೇಯಲ್ಲಿ ಶ್ವಾಸಕೋಶ ಹೆಚ್ಚು ಕಡಿಮೆ ಚೊಕ್ಕ. "ಗೊರಗೊರ ಸದ್ದು ಇದ್ದದ್ದು ಒಂದು ರೀತಿಯಲ್ಲಿ ಒಳ್ಳೆಯದಾಯಿತು" ಎಂದರು. ಸದ್ದು ಮಾಡುವ ಉಸಿರು ಹೆಚ್ಚಾಗಿ ಮೂಗಿನದ್ದು, ಗಂಟಲಿನದ್ದು. ಸದ್ದಿಲ್ಲದೆ ಹೊಟ್ಟೆ ಮಾತ್ರ ತಿದಿಯ ಹಾಗೆ ಬಡಿಯುತ್ತಿದ್ದರೆ ನ್ಯುಮೋನಿಯಾ, ಎದೆಯಲ್ಲಿ ನೀರು, ಹೃದಯದ ತೊಂದರೆ, ಗೆಡ್ಡೆ, ಹೀಗೆ ಒಳಗಿನದ್ದನ್ನು ಹೆಚ್ಚು ಹುಡುಕಬೇಕಾಗುತ್ತದೆ.

ಬೊಳ್ಳುವಿನದ್ದು ಸ್ನಫಲ್ಸ್, ಮೊಲದ ಮೂಗಿನ ಸೋಂಕು. ಹೆಸರು ಆಟಿಕೆಯ ಹಾಗಿದೆ, ಕಾಯಿಲೆ ಹಾಗಿಲ್ಲ. ಪಾಸ್ಟ್ಯುರೆಲ್ಲಾ ಎಂಬ ಬ್ಯಾಕ್ಟೀರಿಯಾ ಇದರಲ್ಲಿ ಹೆಸರುವಾಸಿ. ಎಷ್ಟೋ ಮೊಲಗಳ ಮೂಗಿನಲ್ಲಿ ಅದು ಸುಮ್ನೆ ಕೂತಿರುತ್ತದೆ. ಜಾಗ ಬದಲು, ಹೆದರಿಕೆ, ಕೆಟ್ಟ ಗಾಳಿ, ಯಾವುದಾದರೂ ಒಂದು ನೆಪ ಸಿಕ್ಕಿದರೆ ಏಳುತ್ತದೆ. ಔಷಧದಿಂದ ಇಳಿದರೂ ಪೂರ್ತಿ ಹೋಯಿತು ಎಂದು ಹೇಳುವ ಹಾಗಿಲ್ಲ, ಮತ್ತೆ ಬರಬಹುದು ಎಂದು ಅವರು ಮೊದಲೇ ಹೇಳಿದರು. ಆ ನೇರ ಮಾತು ನನಗೆ ಇಷ್ಟವಾಯಿತು.

ಸಂಜೆಯವರೆಗೆ ಅಲ್ಲೇ ಇಟ್ಟುಕೊಂಡು ಕಳಿಸಿದರು. ಎನ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ದಿನಾ, ನೋವಿಗೆ ಒಂದು ಔಷಧ, ದಿನಕ್ಕೆ ಎರಡು ಸಲ ನೆಬ್ಯುಲೈಸರ್. ಅಳತೆ ನಾನಿಲ್ಲಿ ಬರೆಯುವುದಿಲ್ಲ. ಅದು ತೂಕ ನೋಡಿ ಡಾಕ್ಟರು ಬರೆಯಬೇಕಾದ್ದು, ಬೇರೆಯವರ ಮೊಲದ ಲೆಕ್ಕ ನಿಮ್ಮದಕ್ಕೆ ಆಗುವುದಿಲ್ಲ. ಒಟ್ಟು ಖರ್ಚನ್ನು ಅತ್ತೆಗೆ ಅರ್ಧ ಮಾಡಿ ಹೇಳಿದೆ. ಆ ಅರ್ಧ ಕೇಳಿಯೇ ಅವರು ಗೋಡೆಗೆ ಒರಗಿದರು.

ಮನೆಗೆ ಬಂದ ರಾತ್ರಿಯೇ ಬಚ್ಚಲ ಮೂಲೆಯಲ್ಲಿ ನೆಲಕ್ಕೆ ಕೂತೆ. ಐದು ನಿಮಿಷ ಆಗಲಿಲ್ಲ. ಎರಡನೇ ನಿಮಿಷಕ್ಕೆ ಕಣ್ಣಲ್ಲಿ ನೀರು. ಹೊಗೆಯಿಂದಲೋ, ಅಮೋನಿಯಾದಿಂದಲೋ, ಬೇರೆಯದರಿಂದಲೋ.

ಗೂಡು ಜಗಲಿಯ ಮೂಲೆಗೆ ಬಂತು. ಗಾಳಿ ಆಡುವ ಜಾಗ, ಎರಚಲು ತಾಗದ ಹಾಗೆ ಒಂದು ಬದಿಗೆ ಟಾರ್ಪಾಲು. ಮರದ ಹುಡಿಯ ಗೋಣಿ ತೆಂಗಿನ ಬುಡಕ್ಕೆ ಹೋಯಿತು. ಈಗ ಪೇಪರಿನ ಮೇಲೆ ಹಳೆಯ ಪಂಚೆಯ ತುಂಡು, ದಿನಾ ಬದಲು. ಒಣ ಹುಲ್ಲನ್ನು ಅಂಗಳದಲ್ಲಿ ಚೆನ್ನಾಗಿ ಕೊಡವಿಯೇ ಹಾಕುವುದು.

ನೆಬ್ಯುಲೈಸರ್ ಮನೆಯಲ್ಲೇ ಇತ್ತು, ಮಗಳಿಗೆ ಚಿಕ್ಕಂದಿನಲ್ಲಿ ದಮ್ಮು ಬರುತ್ತಿದ್ದಾಗ ತಂದದ್ದು. ಬೊಳ್ಳುವಿನ ಮುಖಕ್ಕೆ ಮಾಸ್ಕ್ ಹಿಡಿಯಲಿಕ್ಕೆ ಆಗುವುದಿಲ್ಲ. ಬಟ್ಟೆ ಇಡುವ ಪ್ಲಾಸ್ಟಿಕ್ ಬುಟ್ಟಿಯೊಳಗೆ ಅದನ್ನು ಕೂರಿಸಿ, ಮೇಲೆ ತೆಳುವಾದ ಬಟ್ಟೆ ಅರ್ಧ ಮುಚ್ಚಿ, ಒಂದು ಬದಿಯಿಂದ ಹಬೆ ಬಿಡುವುದು. ಡಾಕ್ಟರು ಕೊಟ್ಟ ಸಲೈನ್ ಅಷ್ಟೆ, ಹತ್ತು ಹದಿನೈದು ನಿಮಿಷ. ಮೊದಲ ದಿನ ಮೆಷಿನ್ನಿನ ಸದ್ದಿಗೆ ಹೆದರಿ ಮೂಲೆಗೆ ಒತ್ತಿಕೊಂಡಿತು. ಮಗಳು ಪಕ್ಕದಲ್ಲಿ ಕೂತು, "ಏನೂ ಆಗುವುದಿಲ್ಲ ಬೊಳ್ಳು, ನಾನೂ ಇದನ್ನೇ ತೆಗೆದುಕೊಳ್ಳುತ್ತಿದ್ದದ್ದು" ಎಂದಳು. ಹಬೆ ಮುಗಿದ ಮೇಲೆ ನಾಲ್ಕೈದು ಸೀನು. ಕಟ್ಟಿದ್ದು ಸಡಿಲವಾಗುವುದು ಹಾಗೆ. ಈಗ ಸೀನಿಗೆ ನಮಗೆ ಖುಷಿ, ಆದರೆ ಬೇರೆ ಕಾರಣಕ್ಕೆ.

ನಿಜವಾದ ಕಷ್ಟ ತಿನ್ನಿಸುವುದು. ಮೂಗು ಕಟ್ಟಿದ ಮೊಲಕ್ಕೆ ವಾಸನೆ ತಿಳಿಯುವುದಿಲ್ಲ, ವಾಸನೆ ತಿಳಿಯದೆ ಅದು ತಿನ್ನುವುದಿಲ್ಲ. ತಿನ್ನದಿದ್ದರೆ ಕರುಳು ನಿಲ್ಲುತ್ತದೆ. ಮನುಷ್ಯರ ಹಾಗೆ ಒಂದು ದಿನ ಉಪವಾಸ ಇದ್ದರೆ ಹೊಟ್ಟೆಗೆ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅರ್ಧ ದಿನ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಅದೇ ಬೇರೆ ತುರ್ತು. ಆಸ್ಪತ್ರೆಯಲ್ಲಿ ಕೊಟ್ಟ ಪುಡಿಯನ್ನು ನೀರಿನಲ್ಲಿ ಕಲಸಿ, ಸೂಜಿ ತೆಗೆದ ಸಿರಿಂಜಿನಲ್ಲಿ, ಬಾಯಿಯ ಪಕ್ಕದ ಸಂದಿಯಿಂದ ಸ್ವಲ್ಪ ಸ್ವಲ್ಪ. ನಡುನಡುವೆ ನಿಲ್ಲಿಸಬೇಕು. ಅದು ಜಗಿದು, ನುಂಗಿ, ನಾಲ್ಕು ಉಸಿರು ತೆಗೆದುಕೊಂಡ ಮೇಲೆ ಮುಂದಿನದು. ಅವಸರ ಮಾಡಿದರೆ ಶ್ವಾಸಕ್ಕೆ ಹೋಗುತ್ತದೆ. ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿನಲ್ಲಿ ಈ ತಾಳ್ಮೆ ಎಲ್ಲಿಂದ ತರುವುದು? ಮೂರನೇ ದಿನ ಅತ್ತೆ ಸಿರಿಂಜು ನನ್ನ ಕೈಯಿಂದ ತೆಗೆದುಕೊಂಡು, "ನೀನು ಹೋಗು, ನಿನ್ನ ಗಂಡನಿಗೆ ಅನ್ನ ತಿನ್ನಿಸಿ ಅಭ್ಯಾಸ ಉಂಟು ನನಗೆ" ಎಂದರು.

ಪುಸ್ತಕ ಇಟ್ಟದ್ದು ಮಗಳು. ಶಾಲೆಯ ಹಳೆಯ ಕಾಪಿ ಪುಸ್ತಕದಲ್ಲಿ ಗೆರೆ ಎಳೆದು, ತಾರೀಕು, ಹೊತ್ತು, ಉಸಿರು, ಹಿಕ್ಕೆ, ಸೀನು. ಭಾನುವಾರ ಬೆಳಿಗ್ಗೆ 96. ರಾತ್ರಿ 78. ಮಂಗಳವಾರ 70. ಬುಧವಾರ ಮತ್ತೆ 76 ಬಂದು ನನಗೆ ನಿದ್ದೆ ಇಲ್ಲ. ಅದು ಸಿಡಿಲಿನ ರಾತ್ರಿ, ಹೆದರಿಕೆಗೆ ಏರಿದ್ದು. ಹತ್ತು ನಿಮಿಷ ಬಿಟ್ಟು ಎಣಿಸಿದಾಗ 66. ಹೆದರಿಕೆಯದ್ದು ಸುಮ್ನೆ ಬಿಟ್ಟರೆ ಇಳಿಯುತ್ತದೆ, ಕಾಯಿಲೆಯದ್ದು ಇಳಿಯುವುದಿಲ್ಲ. ಇದನ್ನು ಪುಸ್ತಕವೇ ನಮಗೆ ಕಲಿಸಿತು. ಎಂಟನೇ ದಿನ 52. ಆ ಸಂಜೆ ಮಗಳ ಚೀಲದ ಸದ್ದಿಗೆ ಬೊಳ್ಳು ಗೂಡಿನ ಬಾಗಿಲಿಗೆ ಬಂದು ನಿಂತಿತು. ಎರಡನೇ ವಾರ ಮುಂಗಾಲುಗಳು ಒಣಗಿದವು. ಔಷಧ ನಿಲ್ಲಿಸಲು ನನಗೆ ಮನಸ್ಸಾಗಿತ್ತು. ಡಾಕ್ಟರು ಬೇಡ ಎಂದರು, ಮತ್ತೂ ಒಂದು ವಾರ ಮುಂದುವರಿಯಿತು.

ಕಾಯಿಲೆ ಇಲ್ಲದಾಗ ನಮ್ಮ ಬೊಳ್ಳುವಿನ ಉಸಿರು 44ರಿಂದ 50. ಇದು ಗೊತ್ತಿದ್ದದ್ದು ಮುಂದಿನ ಏಪ್ರಿಲ್‌ನಲ್ಲಿ ಉಪಯೋಗಕ್ಕೆ ಬಂತು. ವಿಷುವಿನ ನಂತರದ ಒಂದು ಮಧ್ಯಾಹ್ನ, ಗಾಳಿಯೇ ಇಲ್ಲ, ಜಗಲಿಯ ಹಂಚು ಕಾದು ಕೂತಿದೆ. ಬೊಳ್ಳು ಉದ್ದಕ್ಕೆ ಮಲಗಿ ಬಡಬಡ ಉಸಿರಾಡುತ್ತಿತ್ತು. ಎಣಿಸಿದರೆ 110. ನನ್ನ ಎದೆ ಧಸಕ್ ಎಂದಿತು. ಆದರೆ ಈ ಸಲ ಬೇರೆಯೂ ನೋಡಿದೆ. ಮೂಗು ಒಣಗಿತ್ತು, ಕಾಲು ಚೊಕ್ಕ, ಗೊರಗೊರ ಇಲ್ಲ. ಕಿವಿ ಮುಟ್ಟಿದರೆ ದೋಸೆಯ ಕಾವಲಿ. ಮೊಲಕ್ಕೆ ಬೆವರು ಬರುವುದಿಲ್ಲ, ಮೈಯ ಬಿಸಿ ಹೊರಗೆ ಹಾಕುವುದು ಹೆಚ್ಚಾಗಿ ಆ ಕಿವಿಗಳಿಂದಲೇ. ನಮ್ಮ ಕರಾವಳಿಯ ಸೆಕೆ ಅದಕ್ಕೆ ತಡೆಯುವಂಥದ್ದಲ್ಲ. ಅಡುಗೆಮನೆಯ ಟೈಲ್ಸ್ ನೆಲಕ್ಕೆ ತಂದು, ಬಟ್ಟೆ ಒದ್ದೆ ಮಾಡಿ ಕಿವಿ ಒರೆಸಿದೆ. ಬಾವಿಯ ನೀರು, ಐಸ್ ಅಲ್ಲ. ಬಕೆಟಿಗೆ ಮುಳುಗಿಸಲು ಹೊರಟ ಮಗಳನ್ನು ತಡೆದೆ, ಆ ಆಘಾತಕ್ಕೇ ಜೀವ ಹೋಗಬಹುದು. ಫ್ಯಾನ್ ದೂರದಲ್ಲಿ. ಒಂದು ಕೈಯಲ್ಲಿ ಫೋನ್ ಹಿಡಿದೇ ಇದ್ದೆ, ಇಳಿಯದಿದ್ದರೆ ಇಚ್ಚನಿಗೆ ಹೇಳಲು. ಅರ್ಧ ಗಂಟೆಯಲ್ಲಿ 64. ಸಂಜೆಗೆ ಕೊತ್ತಂಬರಿ ಸೊಪ್ಪಿನ ದಂಟು ತಿಂದಿತು.

ಅಂದಿನಿಂದ ಮಧ್ಯಾಹ್ನದ ಲೆಕ್ಕ ಅತ್ತೆಯ ಪಾಲಿಗೆ. ನಾವು ಶಾಲೆಯಲ್ಲಿರುವಾಗ ಅವರು ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂರುತ್ತಾರೆ. ಗಡಿಯಾರ ನೋಡಿ ಎಣಿಸುವುದು ಅವರಿಗೆ ಆಗುವುದಿಲ್ಲ, ಎರಡೂ ಕಡೆ ಕಣ್ಣು ಹೋಗುವುದಿಲ್ಲವಂತೆ. ಅದಕ್ಕೆ ಮಗಳು ಹಳೆಯ ಫೋನಿನಲ್ಲಿ ಒಂದು ನಿಮಿಷದ ಅಲಾರಂ ಇಟ್ಟುಕೊಟ್ಟಿದ್ದಾಳೆ. ಅದು ಕೂಗುವವರೆಗೆ ಎಣಿಸುವುದು, ಗುಣಿಸುವ ತಾಪತ್ರಯ ಇಲ್ಲ. ಮೊನ್ನೆ ಪುಸ್ತಕ ತೆರೆದಾಗ ಮಗಳ ಗೆರೆಗಳನ್ನೆಲ್ಲ ದಾಟಿ ಅತ್ತೆಯ ದೊಡ್ಡ ದೊಡ್ಡ ಅಕ್ಷರಗಳಿದ್ದವು. "46. ಸೀನಿಲ್ಲ. ಹಲಸಿನ ಎಲೆ ಎರಡು ತಿಂತು. ಮೂರನೆಯದು ಕೊಟ್ಟರೆ ನನ್ನ ಸೀರೆ ಜಗ್ಗಿತು."